ಅಣ್ಣನ ಬಲಗೈ

ನಮ್ಮ ವಿಜಯಪುರದ ಕಡೆ ಪಾರ್ಶ್ವವಾಯು ಎಂದು ಹೇಳುವವರು ಕಡಿಮೆ. ‘ಲಕ್ವ ಹೊಡೀತು’ ಎನ್ನುತ್ತಾರೆ, ಸಿಡಿಲು ಹೊಡೆಯಿತು ಎಂಬಂತೆ. ಲಕ್ವ ಹೊಡೆದ ಮನೆಗೆ ಬರುವಷ್ಟು ಸಲಹೆಗಳು ಮದುವೆಯ ಮನೆಗೂ ಬರಲಾರವು. ಒಬ್ಬರು ಎಣ್ಣೆಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಪಥ್ಯ ಹೇಳುತ್ತಾರೆ, ಮತ್ತೊಬ್ಬರು ಹರಕೆ ಹೊರಿಸುತ್ತಾರೆ. ನಮ್ಮ ಅಣ್ಣನ ಮನೆಗೆ ಈ ಮೂರೂ ಬಂದವು. ನಾಲ್ಕನೆಯದಾಗಿ ಬಂದದ್ದು ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆ.

ಅಣ್ಣ ಮೂವತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದವನು. ನಿವೃತ್ತನಾದ ಕೆಲವು ವರ್ಷಗಳಿಗೆ, ಒಂದು ಬೆಳಿಗ್ಗೆ ಚಹಾದ ಕಪ್ಪು ಅವನ ಬಲಗೈಯಿಂದ ಜಾರಿತು. ಮಾತು ತೊದಲಿತು, ಬಾಯಿ ಒಂದು ಕಡೆ ವಾಲಿತು. ಅಷ್ಟರಲ್ಲಿ ನೆರೆಮನೆಯವರೊಬ್ಬರು ಮೊಬೈಲಿನಲ್ಲಿ ಬಂದ ಸಂದೇಶವನ್ನು ಓದಿ, ಹತ್ತೂ ಬೆರಳುಗಳ ತುದಿಗೆ ಸೂಜಿ ಚುಚ್ಚಿ ರಕ್ತ ಹರಿಸಿದರೆ ಲಕ್ವ ಇಳಿಯುತ್ತದೆ ಎಂದರಂತೆ. ವೈನಿ ಅದನ್ನು ಕಿವಿಗೆ ಹಾಕಿಕೊಳ್ಳದೆ ಅವನನ್ನು ಜೀಪಿನಲ್ಲಿ ಹಾಕಿಕೊಂಡು ಊರಿನಿಂದ ಹೊರಟರು. ಆ ದಿನ ಆಕೆ ತೋರಿಸಿದ ಬುದ್ಧಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ. ಮಿದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಲಕ್ವ ಆಗಿದ್ದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ರಕ್ತನಾಳ ಒಡೆದಿದ್ದರೆ ಅದೇ ಔಷಧ ಜೀವಕ್ಕೆ ಮುಳುವು. ಯಾವುದೆಂದು ಹೇಳಬಲ್ಲದ್ದು ತಲೆಯ ಸ್ಕ್ಯಾನ್ ಮಾತ್ರ. ಬೆರಳಿಗೆ ಸೂಜಿ ಚುಚ್ಚುತ್ತ ಕೂತವರು ಕಳೆಯುವುದು ಈ ತಾಸುಗಳನ್ನೇ. ಅಣ್ಣ ಮೂರು ತಾಸಿನೊಳಗೆ ಆಸ್ಪತ್ರೆ ಸೇರಿದ, ಉಳಿದ.

ಜೀವ ಉಳಿಯಿತು, ಮಾತು ತಿರುಗಿ ಬಂತು, ಕೋಲು ಹಿಡಿದು ನಡೆದ. ಬಲಗೈ ಮಾತ್ರ ಬರಲಿಲ್ಲ. ಫಿಜಿಯೋಥೆರಪಿಯ ಹುಡುಗಿ ಬಂದು, ತಟ್ಟೆಯ ತುಂಬ ಕಡಲೆಕಾಳು ಹಾಕಿ, ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕಿರಿ ಎನ್ನುವಳು. ಅಣ್ಣನಿಗೆ ಅದು ಅವಮಾನ. ‘ಒಂದನೇತ್ತಾ ಹುಡುಗೂರಿಗೆ ನಾ ಕಾಳು ಎಣಿಸಾಕ ಕಲಿಸೀನಿ, ಈಗ ನಾ ಎಣಿಸಲೇನು?’ ಎಂದು ತಟ್ಟೆ ಸರಿಸಿಬಿಡುವನು. ಅವನ ನಿಜವಾದ ಸಂಕಟ ಬೇರೆಯೇ ಇತ್ತು. ಪಿಂಚಣಿಗೆ ಪ್ರತಿ ನವೆಂಬರಿನಲ್ಲಿ ಜೀವಂತ ಇದ್ದೇನೆಂದು ಪ್ರಮಾಣಪತ್ರ ಕೊಡಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ‘ಇಡೀ ಊರಿಗೆ ಸಹಿ ಮಾಡಾಕ ಕಲಿಸಿದಾವ ನಾ, ತಮ್ಮಾ. ಹೆಬ್ಬೆಟ್ಟ ಒತ್ತಿ ಬದುಕಲೇನು?’ ಎಂದು ಒಂದು ರಾತ್ರಿ ನನ್ನ ಮುಂದೆ ಅತ್ತ. ಅವನು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸೂಜಿ ಚಿಕಿತ್ಸೆ ಶುರುವಾದದ್ದು ಆಗ. ಚೀನದ ಈ ವಿದ್ಯೆ ನಮ್ಮ ಸೀಮೆಗೆ ತೀರ ಪರಕೀಯವೇನಲ್ಲ. 1938ರಲ್ಲಿ ಕಾಂಗ್ರೆಸ್ಸು ಚೀನಕ್ಕೆ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರಾದ ದ್ವಾರಕಾನಾಥ ಕೋಟ್ಣಿಸರು ನಮ್ಮ ನೆರೆಯ ಸೊಲ್ಲಾಪುರದವರು. ಗಾಯಗೊಂಡ ಸೈನಿಕರ ಸೇವೆ ಮಾಡುತ್ತಲೇ 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಡಾ. ವಿಜಯಕುಮಾರ ಬಸು ಅವರು 1950ರ ದಶಕದ ಕೊನೆಗೆ ಮತ್ತೆ ಚೀನಕ್ಕೆ ಹೋಗಿ, ಸೂಜಿವಿದ್ಯೆ ಕಲಿತು ಬಂದು ಕಲ್ಕತ್ತೆಯಲ್ಲಿ ಬೇರೂರಿಸಿದರು. ಭಾರತ ಸರಕಾರ ಅದಕ್ಕೆ ಮನ್ನಣೆ ಕೊಟ್ಟದ್ದು 2019ರಲ್ಲಿ.

ನಾನು ಅಣ್ಣನ ಜೊತೆ ಹೋಗಿ ಕೂಡುತ್ತಿದ್ದೆ. ಕೂದಲಿಗಿಂತ ತುಸು ದಪ್ಪನೆಯ ಸೂಜಿಗಳು. ಪ್ರತಿ ಸಲವೂ ಹೊಸ ಪೊಟ್ಟಣ. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸದಲ್ಲಿ ಒಂದು, ಮೊಣಕೈ ಮಡಿಕೆಯ ಹತ್ತಿರ ಒಂದು, ಮೊಣಕಾಲ ಕೆಳಗೆ ಒಂದು, ನೆತ್ತಿಯ ಮೇಲೆ ಕೆಲವು. ಚುಚ್ಚಿದಾಗ ನೋವಿಗಿಂತ ಒಂದು ಬಗೆಯ ಭಾರ, ಜುಮ್ಮೆನ್ನುವ ಸೆಳೆತ. ‘ಸತ್ತ ಕೈಯಾಗ ಯಾರೋ ಬಾಗಲಾ ಬಡದಂಗಾತು’ ಎಂದ ಅಣ್ಣ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರೇನು ಎಂದು ಆ ವೈದ್ಯರು ಮೊದಲ ದಿನವೇ ಕೇಳಿ ಬರೆದುಕೊಂಡಿದ್ದರು. ರಕ್ತದೊತ್ತಡದ ಮಾತ್ರೆ ಇನ್ನು ಬಿಡಬಹುದಲ್ಲ ಎಂದು ಅಣ್ಣ ಕೇಳಿದಾಗ ಅವರು ಗದರಿದರು. ‘ಮಾಸ್ತರ್ರ, ಮಾತ್ರೆ ಬಿಟ್ರ ಎರಡನೇ ಸಲ ಹೊಡೀತದ. ನಾ ಸೂಜಿ ಹಾಕೋದು ಅರ್ಧ ತಾಸು. ಉಳಿದ ಇಪ್ಪತ್ತಮೂರೂವರೆ ತಾಸು ಕೈ ನಿಮ್ಮದರೀ.’

ಇದರಿಂದ ಗುಣವಾಗುತ್ತದೆಯೇ? ಕಾಕ್ರೇನ್ ಎಂಬ ಸಂಸ್ಥೆ ಲಕ್ವದ ನಂತರದ ಚೇತರಿಕೆಯಲ್ಲಿ ಅಕ್ಯುಪಂಕ್ಚರ್ ಬಳಸಿದ 31 ಪ್ರಯೋಗಗಳನ್ನು, ಒಟ್ಟು 2,257 ರೋಗಿಗಳ ವಿವರವನ್ನು, ಕೂಡಿಸಿ ನೋಡಿ 2016ರಲ್ಲಿ ವರದಿ ಮಾಡಿತು. ಅದರ ಮಾತು ಎಚ್ಚರಿಕೆಯದು: ಕೆಲವು ಲಾಭಗಳು ಕಾಣುತ್ತವೆ, ಆದರೆ ಪ್ರಯೋಗಗಳ ಗುಣಮಟ್ಟ ಸಾಲದ್ದರಿಂದ ಖಚಿತವಾಗಿ ಹೇಳುವಂತಿಲ್ಲ. ಲಕ್ವವಾದ ಮೊದಲ ತಿಂಗಳುಗಳಲ್ಲಿ ದೇಹ ತಾನಾಗಿಯೂ ಅಷ್ಟಿಷ್ಟು ಚೇತರಿಸಿಕೊಳ್ಳುತ್ತದೆ. ಆಗ ಹಚ್ಚಿದ ಎಣ್ಣೆಗೂ ಹೊತ್ತ ಹರಕೆಗೂ ಹಾಕಿದ ಸೂಜಿಗೂ ಕೀರ್ತಿ ಬರುವುದು ಸುಲಭ.

ಆದರೆ ಮನೆಯಲ್ಲಿ ನಾನು ಕಂಡದ್ದೊಂದನ್ನು ಹೇಳಬೇಕು. ಸೂಜಿ ಹಾಕಿಸಿಕೊಂಡು ಬಂದ ದಿನ ಅಣ್ಣ ತಾನಾಗಿಯೇ ಕಡಲೆಕಾಳಿನ ತಟ್ಟೆ ಕೇಳುತ್ತಿದ್ದ. ತನ್ನ ಕೈ ಸತ್ತಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಅರ್ಧ ತಾಸು ಒಬ್ಬರು ಆ ಕೈಯನ್ನು ಎತ್ತಿ, ತಿರುಗಿಸಿ, ಬೆರಳು ಬೆರಳನ್ನೂ ವಿಚಾರಿಸಿದ್ದರಲ್ಲ. ಮೊದಲ ದಿನ ನಾಲ್ಕು ಕಾಳು ಎತ್ತಿದವನು ನಾಲ್ಕು ತಿಂಗಳಿಗೆ ಒಂದು ಬಟ್ಟಲು ತುಂಬಿದ. ಯಾವುದರಿಂದ ಆಯಿತೆಂದು ನಾನು ಕೇಳಿದ್ದಕ್ಕೆ ವೈನಿ, ‘ಕಾಳಿನಿಂದ ಆತು. ಆದರ ಕಾಳಿನ ಮುಂದ ಕುಂಡರಿಸಿದ್ದು ಸೂಜಿ’ ಎಂದರು. ಜೊತೆಯ ಚಿಕಿತ್ಸೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ತಿಳಿಯದು. ಜೊತೆಗಿರುವವನು ಹೊರೆಯನ್ನೆಲ್ಲ ತಾನೇ ಹೊರುತ್ತೇನೆ ಎನ್ನಬಾರದು. ಹೊರುವವನನ್ನು ನಡುದಾರಿಯಲ್ಲಿ ಕೂರಗೊಡಲೂ ಬಾರದು.

ಬಲಗೈಯಲ್ಲಿ ಬರೆಯುವುದು ಅಣ್ಣನಿಗೆ ಮತ್ತೆ ಬರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು, ಚಹಾದ ಲೋಟ ಹಿಡಿಯುವಷ್ಟು ಬಂತು. ಎಡಗೈಯಲ್ಲಿ ಅಕ್ಷರ ತಿದ್ದಿ ತಿದ್ದಿ ಹೊಸ ಸಹಿ ಕಲಿತ. ಬ್ಯಾಂಕಿನವರು ಅದರ ಮಾದರಿ ತೆಗೆದುಕೊಂಡರು. ನವೆಂಬರಿನಲ್ಲಿ ಅವನು ಎಡಗೈಯಲ್ಲಿ ಸಹಿ ಮಾಡುವಾಗ ಕಾಗದ ಅಲುಗಾಡದಂತೆ ಒತ್ತಿ ಹಿಡಿದದ್ದು ಬಲಗೈ.