ಉಡದಾರದ ಅಳತೆ

ಸೂರತ್ತಿನ ಊಟ, ಕಾಶಿಯ ಸಾವು, ಎರಡೂ ಸಿಕ್ಕವನು ಭಾಗ್ಯವಂತ ಎಂದು ಗುಜರಾತಿಗಳಲ್ಲಿ ಒಂದು ಗಾದೆ ಇದೆ. ಕಾಶಿಯ ಮಾತು ಹಾಗಿರಲಿ, ಊಟದ ವಿಷಯದಲ್ಲಿ ಗಾದೆ ನಿಜವೆಂದು ಸೂರತ್ತಿನಲ್ಲೇ ನೆಲೆಸಿದ ಕನ್ನಡಿಗನಾಗಿ ನಾನು ಸಾಕ್ಷಿ ಹೇಳಬಲ್ಲೆ. ಬೆಳಗ್ಗೆ ಹಬೆಯಾಡುವ ಲೋಚೋ, ಅದರ ಮೇಲೆ ಎಣ್ಣೆ, ಸೇವು. ಚಳಿಗಾಲಕ್ಕೆ ಉಂಧಿಯು. ಶರದ್ ಪೂರ್ಣಿಮೆಯ ಮರುದಿನ ಚಾಂದನಿ ಪಡವೋ ಎಂದು ಊರಿಗೆ ಊರೇ ತುಪ್ಪ ಮೆತ್ತಿದ ಘಾರಿ ತಿನ್ನುತ್ತದೆ. ಇಂಥ ಊರಿಗೆ ಬಂದ ಹುಡುಗನೊಬ್ಬ ತೋಳು ಎದೆ ತುಂಬಬೇಕು, ಹೊಟ್ಟೆ ಮಾತ್ರ ಬರಬಾರದು ಎಂದು ಪಣ ತೊಟ್ಟರೆ ಅವನ ಬಗ್ಗೆ ನನಗೆ ಗೌರವ ಮೂಡುತ್ತದೆ.

ಆ ಹುಡುಗ ನನ್ನ ಅಕ್ಕನ ಮಗ. ಇಂಡಿ ತಾಲ್ಲೂಕಿನಿಂದ ಬಂದು ಇಲ್ಲಿಯ ಉಧ್ನಾ ಉದ್ಯೋಗನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ವಯಸ್ಸು ಇಪ್ಪತ್ತು, ತೂಕ 58 ಕಿಲೋ. ಕೈಕಾಲು ಸಪೂರ, ಹೊಕ್ಕಳಿನ ಸುತ್ತ ಮಾತ್ರ ಕೊಂಚ ಮೆತ್ತಗೆ. ಈಗಿನ ಕಾಲದ ಹುಡುಗರಲ್ಲಿ ಬಹಳ ಮಂದಿಯದು ಇದೇ ಮೈ. ಉಧ್ನಾ ಮುಖ್ಯರಸ್ತೆಯ ಅಂಗಡಿಗಳ ಮೇಲಿನ ಒಂದು ಜಿಮ್ಮಿಗೆ ಹೆಸರು ಹಚ್ಚಿದ. ವಾರ ಕಳೆಯುವುದರೊಳಗೆ ಎರಡು ಉಪದೇಶ ಹೊತ್ತು ಮನೆಗೆ ಬಂದ.

“ಮಾಮಾ, ಟ್ರೇನರ್ ಹೇಳ್ಯಾನ, ಮೊದಲ ಆರು ತಿಂಗಳು ಬಲ್ಕಿಂಗ್ ಮಾಡು, ಕಂಡದ್ದೆಲ್ಲಾ ತಿನ್ನು, ಆಮ್ಯಾಲೆ ಕಟಿಂಗ್ ಮಾಡಿ ಕೊಬ್ಬು ಇಳಸೂಣು ಅಂತ. ರೂಮಿನ ಗೆಳೆಯಾ ನೋಡಿದ್ರ ಇವತ್ತಿನಿಂದನ ರೊಟ್ಟಿ, ಅನ್ನ ಬಿಡು ಅಂತಾನ. ಯಾರ ಮಾತು ಕೇಳಲಿ?”

“ಇಬ್ಬರದೂ ಬ್ಯಾಡ,” ಅಂದೆ. ಅಷ್ಟಕ್ಕೆ ಬಿಡುವ ಹುಡುಗನಲ್ಲ. ಯಾಕೆ ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇನೆ.

ಹೊಸದಾಗಿ ಭಾರ ಎತ್ತಲು ಶುರುಮಾಡಿದವನಿಗೆ ಪ್ರಕೃತಿ ಒಂದು ರಿಯಾಯಿತಿ ಕೊಟ್ಟಿದೆ. ಹತ್ತು ವರ್ಷ ಪಳಗಿದ ಪೈಲ್ವಾನನಿಗೆ ಅದು ಸಿಗದು. ಸ್ನಾಯು ಬೆಳೆಯಲು ಎರಡು ವಸ್ತು ಬೇಕು. ಒಂದು ಕಟ್ಟುವ ಸಾಮಗ್ರಿ, ಅಂದರೆ ಪ್ರೋಟೀನು. ಇನ್ನೊಂದು ಕಟ್ಟುವ ಕೆಲಸಕ್ಕೆ ಬೇಕಾದ ಶಕ್ತಿ. ಸಾಮಗ್ರಿ ಊಟದಿಂದಲೇ ಬರಬೇಕು. ಶಕ್ತಿಯನ್ನು ಮಾತ್ರ ದೇಹ ತನ್ನ ಉಗ್ರಾಣದಿಂದಲೂ, ಎಂದರೆ ಹೊಟ್ಟೆಯ ಮೇಲಿನ ಕೊಬ್ಬಿನಿಂದಲೂ, ತೆಗೆದುಕೊಳ್ಳಬಲ್ಲದು. ಎಂದೂ ಭಾರ ಕಾಣದ ಸ್ನಾಯುವಿಗೆ ಮೊದಲ ಸಲ ಭಾರ ಕಂಡಾಗ ಬೆಳೆಯುವ ಆತುರ ಬಹಳ ಇರುತ್ತದೆ. ಒಮ್ಮೆ ಚೆನ್ನಾಗಿ ದುಡಿಸಿದರೆ ಒಂದೆರಡು ದಿನ ಒಳಗೆ ದುರಸ್ತಿ, ಕಟ್ಟೋಣ ನಡೆದೇ ಇರುತ್ತದೆ. ಹೀಗಾಗಿ ಹೊಸಬನಿಗೆ ಮೊದಲ ವರ್ಷ ಸ್ನಾಯು ಏರುತ್ತ ಕೊಬ್ಬು ಇಳಿಯುವುದು ಸಾಧ್ಯ. ಕಂಡದ್ದೆಲ್ಲಾ ತಿಂದವನು ಈ ರಿಯಾಯಿತಿಯನ್ನು ಹೊಟ್ಟೆಯಲ್ಲಿ ಹೂಳುತ್ತಾನೆ. ಉಪವಾಸ ಬಿದ್ದವನು ಸಾಮಗ್ರಿಯೇ ಇಲ್ಲದೆ ಮೇಸ್ತ್ರಿಯನ್ನು ಕೂರಿಸಿಕೊಂಡವನಂತೆ ಆಗುತ್ತಾನೆ.

ಮೊದಲ ಕೆಲವು ವಾರ ಕನ್ನಡಿಯಲ್ಲಿ ಏನೂ ಕಾಣದು. ಆದರೆ ರಾಡಿನ ಮೇಲಿನ ಪ್ಲೇಟುಗಳು ಏರುತ್ತಿರುತ್ತವೆ. ಆಗ ಮುಖ್ಯವಾಗಿ ಕಲಿಯುತ್ತಿರುವುದು ನರಗಳು. ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸುವುದನ್ನು ಅವು ರೂಢಿಸಿಕೊಳ್ಳುತ್ತವೆ. ಕಣ್ಣಿಗೆ ಕಾಣುವ ಬೆಳವಣಿಗೆಗೆ ಎರಡು ಮೂರು ತಿಂಗಳು ಬೇಕು. ಜಿಮ್ ಬಿಡುವವರಲ್ಲಿ ಹೆಚ್ಚಿನವರು ಅದಕ್ಕೂ ಮೊದಲೇ ಬಿಡುತ್ತಾರೆ ಎಂಬುದು ನನ್ನ ಗಮನಕ್ಕೆ ಬಂದ ಸಂಗತಿ, ಮತ್ತು ಅದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಭಾರದ ಮಾತು ಬಂದಾಗ ವಡೋದರಾ ನೆನಪಾಗುತ್ತದೆ. ಸಯಾಜಿ ಬಾಗ್‌ನಲ್ಲಿರುವ ಬರೋಡಾ ಮ್ಯೂಸಿಯಮ್ಮಿನಲ್ಲಿ ಒಂದು ದೊಡ್ಡ ಬಂಡೆಗಲ್ಲಿದೆ. 1902ರ ಡಿಸೆಂಬರ್ 23ರಂದು ಗುಲಾಮ್ ಮಹಮ್ಮದ್ ಇದನ್ನು ಎತ್ತಿದ ಎಂದು ಅದರ ಮೇಲೆ ಬರೆದಿದೆ. ಅವನೇ ಗಾಮಾ ಪೈಲ್ವಾನ. ಕಲ್ಲಿನ ತೂಕ 1200 ಕಿಲೋ ಎನ್ನುತ್ತಾರೆ. ಎಷ್ಟು ಎತ್ತರಕ್ಕೆ ಎತ್ತಿದ, ಹೇಗೆ ಎತ್ತಿದ ಎಂಬ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇನೆ. ಆಗ ಅವನಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು ಎಂಬುದೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಆ ವಯಸ್ಸಿಗೆ ಅವನ ಹಿಂದೆ ಎಳವೆಯಿಂದ ಮಾಡಿದ ದಂಡ, ಬಸ್ಕಿಗಳ ವರ್ಷಗಳಿದ್ದವು.

ನಮ್ಮ ಕಡೆಯ ಜಾತ್ರೆಗಳಲ್ಲೂ ಕಲ್ಲಿದೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಭಾರ ಎತ್ತುವ ಸ್ಪರ್ಧೆಗೆ ಸಂಕ್ರಾಂತಿಯ ಹೊತ್ತಿಗೆ ಜನ ಮುಗಿಬೀಳುತ್ತಾರೆ. ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಜೋಳದ ಚೀಲ. ಹಳ್ಳಿಯ ಗರಡಿಮನೆಯ ಮುಂದೆ ಸಣ್ಣದರಿಂದ ದೊಡ್ಡದರವರೆಗೆ ಕಲ್ಲುಗಳು ಬಿದ್ದಿರುತ್ತವೆ. ಹುಡುಗರು ಸಣ್ಣದು ಹಗುರಾದ ಮೇಲೆ ಮುಂದಿನದಕ್ಕೆ ಕೈ ಹಾಕುತ್ತಾರೆ. ವ್ಯಾಯಾಮಶಾಸ್ತ್ರದ ತಿರುಳು ಅಲ್ಲೇ ಇದೆ: ಭಾರ ಮೆಲ್ಲಗೆ ಏರುತ್ತಲೇ ಇರಬೇಕು. ಸ್ಕ್ವಾಟ್ ಎಂದರೆ ಹೆಗಲ ಮೇಲೆ ರಾಡು ಹೊತ್ತ ಬಸ್ಕಿ. ಡೆಡ್‌ಲಿಫ್ಟ್ ಎಂದರೆ ನೆಲದ ಚೀಲ ಎತ್ತುವ ಭಂಗಿಯೇ. ಅದಕ್ಕೊಂದು ಬೆಂಚ್ ಪ್ರೆಸ್, ಒಂದು ರೋಯಿಂಗ್, ತಲೆಯ ಮೇಲೆ ಎತ್ತುವ ಒಂದು ಪ್ರೆಸ್, ನೇತಾಡಿ ಮೈ ಎಳೆದುಕೊಳ್ಳುವ ಪುಲ್‌ಅಪ್. ವಾರಕ್ಕೆ ಮೂರು ದಿನ, ಇಡೀ ಮೈಗೆ. ಹೊಸಬನಿಗೆ ಇಷ್ಟು ಸಾಕು. ಸೋಮವಾರ ಎದೆ, ಮಂಗಳವಾರ ಬರೀ ತೋಳು ಎಂದು ಹಂಚಿಕೊಂಡು ತೋಳಿಗೇ ಒಂದು ಗಂಟೆ ಕೊಡುವ ಹುಡುಗರನ್ನು ಕಂಡರೆ ಅವರ ಕಾಲುಗಳ ಮೇಲೆ ನನಗೆ ಮರುಕ ಹುಟ್ಟುತ್ತದೆ.

ಕನ್ನಡಿಗರಿಗೆ ಈ ವಿದ್ಯೆಯಲ್ಲಿ ದೊಡ್ಡ ಹಿರಿಯರೊಬ್ಬರಿದ್ದರು. ಅವರನ್ನು ನಾವು ‘ಶಾಂತಲಾ’ ಕಾದಂಬರಿಯಿಂದ ಬಲ್ಲೆವು: ಕೆ. ವಿ. ಅಯ್ಯರ್. ‘ರೂಪದರ್ಶಿ’ ಬರೆದವರೂ ಅವರೇ, ಕೈಲಾಸಂ ಅವರ ಆಪ್ತ ಗೆಳೆಯರೂ ಅವರೇ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದರು. ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ದೂರದವರಿಗೆ ಅಂಚೆಯ ಮೂಲಕ ಅಂಗಸಾಧನೆ ಕಲಿಸಿದರು. ಅವರ ಹಳೆಯ ಛಾಯಾಚಿತ್ರಗಳನ್ನು ನೋಡಿ: ಗ್ರೀಕ್ ಶಿಲ್ಪದಂತೆ ನಿಂತ ಮೈ, ಎಲ್ಲೂ ಬೊಜ್ಜಿಲ್ಲ, ಎಲ್ಲೂ ಅತಿಯಾದ ಉಬ್ಬಿಲ್ಲ. ಭಾರದ ಸಾಧನೆಯ ಜೊತೆಗೆ ಆಸನ, ಸೂರ್ಯನಮಸ್ಕಾರಗಳನ್ನು ಬೆಸೆದ ಪದ್ಧತಿ ಅವರದು.  ಮೈ ಹುರಿಯಾಗಿಯೂ ತುಂಬಿಯೂ ಇರಬಲ್ಲದು ಎಂದು ತೋರಿಸಲು ಹುಡುಗನ ಮೊಬೈಲಿನಲ್ಲಿ ಅಯ್ಯರ್ ಅವರ ಚಿತ್ರ ತೆಗೆದುಕೊಟ್ಟೆ. ಬಹಳ ಹೊತ್ತು ನೋಡಿದ. ಇಷ್ಟು ಚೆಂದದ ದೇಹವಿದ್ದವರು ಹೊಯ್ಸಳರ ರಾಣಿಯ ಮೇಲೆ ಅಷ್ಟು ದೊಡ್ಡ ಕಾದಂಬರಿಯನ್ನೂ ಬರೆದರು ಎಂದಾಗ ಅವನ ಕಣ್ಣು ಇನ್ನಷ್ಟು ಅರಳಿತು.

ಇನ್ನು ಊಟದ ಲೆಕ್ಕ. ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನು ಸಾಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಭಾರ ಎತ್ತಿ ಸ್ನಾಯು ಬೆಳೆಸುವವನಿಗೆ ಸುಮಾರು 1.6 ಗ್ರಾಂ ಬೇಕೆಂದು ಅಧ್ಯಯನಗಳು ತೋರಿಸಿವೆ. ನಮ್ಮ ಹುಡುಗನಿಗೆ ಅದು ದಿನಕ್ಕೆ 93 ಗ್ರಾಂ. ಅವನು ಶಾಕಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದರೂ ಇಬ್ಬರೂ ಕೂತು ಅಡುಗೆಮನೆಯಲ್ಲೇ ಲೆಕ್ಕ ಹಾಕಿದೆವು. ದಿನದ ರೊಟ್ಟಿ ಚಪಾತಿಗೆ ಕಾಲು ಕಿಲೋ ಹಿಟ್ಟು, ಅದರಲ್ಲೇ 25 ಗ್ರಾಂ ಬಂತು. ಅರ್ಧ ಲೀಟರ್ ಹಾಲು 16. 75 ಗ್ರಾಂ ತೊಗರಿಬೇಳೆ, ಅದರಿಂದ 16. ಒಂದು ಬಟ್ಟಲು ಮೊಸರು 7. ಒಂದು ಹಿಡಿ ಶೇಂಗಾ 10. ಕೊರತೆ ಬಿದ್ದದ್ದನ್ನು 40 ಗ್ರಾಂ ಸೋಯಾ ಚಂಕ್ಸ್ ತುಂಬಿಸಿತು, ಅದೊಂದೇ 20 ಗ್ರಾಂ. ಶೇಂಗಾ ಮಾತ್ರ ಅಳೆದು ತಿನ್ನು ಎಂದೆ, ಅದರಲ್ಲಿ ಅರ್ಧದಷ್ಟು ಎಣ್ಣೆಯೇ. ರೊಟ್ಟಿ ಬಿಡುವ ಪ್ರಶ್ನೆಯೇ ಇಲ್ಲ, ಅದಿಲ್ಲದೆ ಬಸ್ಕಿಗೆ ಬಲ ಎಲ್ಲಿಂದ ಬರಬೇಕು? ಸಂಜೆಯ ಸೇವು, ಫಾಫಡಾ, ತಣ್ಣನೆಯ ಸಿಹಿ ಪಾನೀಯ ಇಷ್ಟನ್ನು ವಾರದಲ್ಲಿ ಒಂದು ದಿನಕ್ಕೆ ಇಟ್ಟುಕೊಂಡರೆ ಉಳಿದದ್ದು ತಾನಾಗಿ ಹದಕ್ಕೆ ಬರುತ್ತದೆ.

ಗುಜರಾತಿನಲ್ಲಿದ್ದು ಹಾಲಿಗೆ ಬರವೇ? 1946ರಲ್ಲಿ ಆಣಂದದಲ್ಲಿ ಶುರುವಾದ ಸಹಕಾರದ ಹಾದಿಯಲ್ಲೇ 1951ರಲ್ಲಿ ಸೂರತ್ತಿನ ಸುಮುಲ್ ಡೇರಿ ಹುಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಹಿಂಡಿದ ಹಾಲು ಬೆಳಗಾಗುವುದರೊಳಗೆ ಉಧ್ನಾದ ಬಾಗಿಲಿಗೆ ಬರುತ್ತದೆ. ಜಿಮ್ಮಿನ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ತರುವ ವೇ ಪುಡಿಯೂ ಇದೇ ಹಾಲಿನದು, ಚೀಸು ಮಾಡುವಾಗ ಬಸಿದು ಉಳಿಯುವ ತಿಳಿನೀರನ್ನು ಒಣಗಿಸಿದ್ದು. ಅದರಲ್ಲಿ ಕೆಡುಕೇನೂ ಇಲ್ಲ. ಊಟದಲ್ಲಿ ಲೆಕ್ಕ ತುಂಬದವನು ಒಂದು ಚಮಚ ಕುಡಿಯಲಿ. ಊಟದಲ್ಲೇ ತುಂಬುವವನಿಗೆ ಅದರ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಮಾತು ಇಲ್ಲಿ ಹೇಳಲೇಬೇಕು. ಚಳಿಗಾಲದಲ್ಲಿ ತಾಪಿ ದಂಡೆಯ ಮೇಲೆ ಪೋಂಕ್ ಮಾರುತ್ತಾರೆ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಹಸಿರು ಕಾಳು. ಮೊದಲ ಸಲ ಅದನ್ನು ಕಂಡ ದಿನ ಹುಡುಗ ಕೂಗಿಯೇ ಬಿಟ್ಟ, “ಮಾಮಾ, ಇದು ನಮ್ಮ ಸೀತನಿ!” ಇವರು ನಿಂಬೆ ಮೆಣಸಿನ ಸೇವಿನ ಜೊತೆ ತಿನ್ನುತ್ತಾರೆ, ನಾವು ಅಗಸಿ ಹಿಂಡಿ, ಶೇಂಗಾ ಚಟ್ನಿಯ ಜೊತೆ. ಮೈಕಟ್ಟಿನ ಹೆಸರಿನಲ್ಲಿ ಇಂಥದನ್ನೂ ತಿನ್ನಬೇಡ ಎನ್ನುವ ಪಥ್ಯವನ್ನು ನಾನು ಒಪ್ಪುವುದಿಲ್ಲ.

ಹೊಟ್ಟೆ ಬರುತ್ತಿದೆಯೇ ಎಂದು ತಿಳಿಯುವುದು ಹೇಗೆ? ತೂಕದ ಯಂತ್ರ ಇದನ್ನು ಪೂರ್ತಿ ಹೇಳದು, ಏರಿದ್ದು ಸ್ನಾಯುವೋ ಕೊಬ್ಬೋ ಅದಕ್ಕೆ ತಿಳಿಯದು. ಹುಡುಗನ ಸೊಂಟದಲ್ಲಿ ಅವನ ಅವ್ವ ಕಟ್ಟಿ ಕಳಿಸಿದ ಕರಿ ಉಡದಾರವಿದೆ. ಅದೇ ನಮ್ಮ ಅಳತೆ. ತಿಂಗಳಿಗೆ ತೂಕ ಅರ್ಧ ಕಿಲೋ, ಹೆಚ್ಚೆಂದರೆ ಒಂದು ಕಿಲೋ ಏರಲಿ. ಉಡದಾರ ಹಾಗೇ ಇರಲಿ ಅಥವಾ ಸಡಿಲಾಗಲಿ. ಅದು ಬಿಗಿಯಾದರೆ ತಟ್ಟೆಯಲ್ಲಿ ಒಂದು ರೊಟ್ಟಿ ಕಡಿಮೆ. ಅದೂ ಸಡಿಲು, ರಾಡಿನ ಭಾರವೂ ಏರದು ಎಂದಾದರೆ ಒಂದು ರೊಟ್ಟಿ ಹೆಚ್ಚು.

ಇಷ್ಟೆಲ್ಲಾ ಹೇಳಿದ ಮೇಲೂ ಉಧ್ನಾದಲ್ಲಿ ಬಹಳ ಕಷ್ಟದ್ದೆಂದರೆ ನಿದ್ದೆ. ಇಲ್ಲಿಯ ಪವರ್‌ಲೂಮು ಹನ್ನೆರಡು ಗಂಟೆಯ ಪಾಳಿಯಲ್ಲಿ ಓಡುತ್ತದೆ. ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದ ಸಾವಿರಾರು ಮಂದಿ ಒಬ್ಬೊಬ್ಬರೇ ಹಲವು ಮಗ್ಗಗಳ ನಡುವೆ ರಾತ್ರಿಯಿಡೀ ನಡೆದಾಡುತ್ತಾರೆ. ಹಗಲು ಅವರು ಮಲಗಿ ಎದ್ದುಹೋದ ಕೋಣೆಯಲ್ಲಿ, ಅದೇ ಹಾಸಿಗೆಯಲ್ಲಿ, ಇನ್ನೊಂದು ಪಾಳಿಯವರು ರಾತ್ರಿ ಮಲಗುತ್ತಾರೆ. ಅವರ ಮೈಯಲ್ಲಿ ಒಂದು ತೊಲ ಕೊಬ್ಬಿಲ್ಲ. ಸ್ನಾಯುವೂ ಬೆಳೆಯುವುದಿಲ್ಲ. ದುಡಿಮೆ ಕಡಿಮೆಯಾಗಿಯಲ್ಲ, ವಿಶ್ರಾಂತಿಯೂ ಬೇಳೆಯೂ ಕಡಿಮೆಯಾಗಿ. ಎತ್ತಿದ ಭಾರ ಸ್ನಾಯುವಾಗುವುದು ತಿಂದು ಮಲಗಿದಾಗ. ವ್ಯಾಯಾಮದ ಬಗ್ಗೆ ಬರೆಯುವ ನಾವು ಈ ಮಂದಿಯನ್ನು ಮರೆಯಬಾರದು, ಮೈಕಟ್ಟು ಎಂಬುದು ಎಂಟು ಗಂಟೆ ನಿದ್ದೆಯ ಅನುಕೂಲ ಇದ್ದವನ ಭಾಗ್ಯ. ನಮ್ಮ ಹುಡುಗನಿಗೆ ಹಗಲು ಪಾಳಿ ಸಿಕ್ಕಿದೆ. ಅದರ ಬೆಲೆ ಅವನು ಅರಿಯಲಿ ಎಂದು ಮೊಬೈಲನ್ನು ಹತ್ತೂವರೆಗೆ ನನ್ನ ಕೈಗೆ ಕೊಡುವಂತೆ ಮಾಡಿದ್ದೇನೆ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಮೂರು ತಿಂಗಳಲ್ಲಿ ಮೈ ಬದಲಿಸುತ್ತೇನೆ ಎಂದು ಸೂಜಿ, ಮಾತ್ರೆಗಳನ್ನು ಮುಂದೆ ಹಿಡಿಯುವವರು ಯಾವ ಊರಿನಲ್ಲೂ ಇದ್ದಾರೆ. ಹೊರಗಿನಿಂದ ಹಾರ್ಮೋನು ತುಂಬಿದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ. ಬೆಳೆಯುವ ವಯಸ್ಸಿನವನಾದರೆ ಎಲುಬಿನ ಬೆಳವಣಿಗೆ ಅಲ್ಲಿಗೇ ನಿಂತುಬಿಡಬಹುದು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈ ವರ್ಷ ಜಿಮ್ಮಿಗೆ ಹೆಸರು ಹಚ್ಚಿದ್ದರೆ ಬೈಯಬೇಡಿ, ಅದು ಒಳ್ಳೆಯ ಆಸೆ. ಅವರ ಚೀಲದಲ್ಲಿ ಏನಿದೆ ಎಂದು ಒಮ್ಮೆ ಕೇಳಿ, ರಾತ್ರಿಯ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿ, ಹೊತ್ತಿಗೆ ಸರಿಯಾಗಿ ದೀಪ ಆರಿಸಿ.