ಏರಿನಲ್ಲಿ ಇಳಿದು ನಡೆದರೂ

ನೀವು ಕೊನೆಯ ಬಾರಿ ಸೈಕಲ್ ತುಳಿದದ್ದು ಯಾವಾಗ? ನಾನಂತೂ ಹನ್ನೆರಡನೇ ವಯಸ್ಸಿಗೇ ಬಿಟ್ಟಿದ್ದೆ. ಅಣ್ಣನ ಸೈಕಲ್‌ನಲ್ಲಿ ಒಳಪೆಡ್ಲು ಹೊಡೆಯುತ್ತಿದ್ದ ನನಗೆ ಒಂದು ದಿನ ಅಮ್ಮಿ, "ಇನ್ನು ಸಾಕು ಬೇಟಿ, ದೊಡ್ಡವಳಾದೆ" ಎಂದರು. ನಾನು ಎದುರಾಡಲಿಲ್ಲ. ಮದ್ರಸ, ಮದುವೆ, ಮಕ್ಕಳು, ನಡುವೆ ಬಿ.ಎ. ಪರೀಕ್ಷೆ, ಶಾಲೆಯ ಕೆಲಸ. ಸೈಕಲ್ ಮರೆತೇ ಹೋಯಿತು.

ಅಮ್ಮಿ ಹಾಸಿಗೆ ಹಿಡಿದು ಆರು ವರ್ಷ ನನ್ನ ಬಳಿಯೇ ಇದ್ದರು. ಫಜ್ರ್ ನಮಾಝ್ ಮುಗಿಸಿ ಅವರ ಮೈ ಒರೆಸಿ, ಗಂಜಿ ಕುಡಿಸಿ ಶಾಲೆಗೆ ಓಡುತ್ತಿದ್ದೆ. ಅವರು ತೀರಿಕೊಂಡ ಮೇಲೆ ಆ ಹೊತ್ತು ಖಾಲಿಯಾಯಿತು. ಎದ್ದು ಕುಳಿತರೆ ಕೈಗೆ ಕೆಲಸವಿಲ್ಲ. ಒಂದು ಮುಂಜಾನೆ, ಮಗಳು ಬಿಟ್ಟುಹೋದ ಸೈಕಲ್‌ಗೆ ಗಾಳಿ ತುಂಬಿಸಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಕಡೆ ಹೊರಟೆ.

ಗೇರಿಲ್ಲದ ಸೈಕಲ್. ಅರ್ಧ ಏರುವಷ್ಟರಲ್ಲಿ ಎದೆ ಡವಗುಟ್ಟಿತು. ಇಳಿದು ತಳ್ಳಿಕೊಂಡು ನಡೆದೆ. ವಾಕಿಂಗ್ ಬಂದವರು ನೋಡಿದಾಗ ನಾಚಿಕೆಯಾಯಿತು. ಮೇಲೆ ನಿಂತಾಗ ಕೆಳಗೆ ಉಣಕಲ್ ಕೆರೆ ಬೆಳಗುತ್ತಿತ್ತು. ಮನಸ್ಸು ಹಗುರವಾಯಿತು. ಮರುಕ್ಷಣವೇ ಚುಚ್ಚಿತು: ಅಮ್ಮಿ ಹೋದದ್ದರಿಂದ ತಾನೇ ನನಗೆ ಈ ಬಿಡುವು?

ಐರ್ಲೆಂಡಿನ ಡರ್ವ್ಲಾ ಮರ್ಫಿಯವರ ಬಗ್ಗೆ ಓದಿದ್ದು ಆ ದಿನಗಳಲ್ಲೇ. ಹತ್ತನೇ ಹುಟ್ಟುಹಬ್ಬಕ್ಕೆ ಅವರಿಗೆ ಒಂದು ಸೈಕಲ್, ಒಂದು ಅಟ್ಲಾಸ್ ಸಿಕ್ಕಿತ್ತು. ಊರಿನ ಏರನ್ನು ತುಳಿಯುತ್ತಲೇ, ಹೀಗೆ ತುಳಿಯುತ್ತಾ ಹೋದರೆ ಭಾರತವನ್ನೇ ಮುಟ್ಟಬಹುದೆಂದು ಆ ಹುಡುಗಿ ಲೆಕ್ಕ ಹಾಕಿದಳು. ಆದರೆ ತಾಯಿ ಸಂಧಿವಾತದಿಂದ ಏಳಲಾರದ ಸ್ಥಿತಿಯಲ್ಲಿದ್ದರು. ಹದಿನಾಲ್ಕಕ್ಕೇ ಶಾಲೆ ಬಿಟ್ಟ ಡರ್ವ್ಲಾ ವರ್ಷಗಟ್ಟಲೆ ಅವರ ಸೇವೆಯಲ್ಲಿ ಕಳೆದರು. ತಾಯಿ 1962ರಲ್ಲಿ ತೀರಿಕೊಂಡರು. 1963ರ ಜನವರಿಯಲ್ಲಿ ಮಗಳು ಒಬ್ಬಳೇ ಸೈಕಲ್ ಏರಿದಳು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದೆಹಲಿ ತಲುಪಿದಳು. ದಾರಿಯಲ್ಲಿ ಎಷ್ಟೋ ಮುಸ್ಲಿಮ್ ಮನೆಗಳು ಆಕೆಗೆ ಊಟ, ಹಾಸಿಗೆ ಕೊಟ್ಟವು. ಪಾಕಿಸ್ತಾನದಲ್ಲಿ 13 ಸಾವಿರ ಅಡಿಗೂ ಎತ್ತರದ ಬಾಬುಸರ್ ಘಾಟಿಯ ಹಿಮದಲ್ಲಿ ತುಳಿಯಲಾಗದೆ ಸೈಕಲನ್ನು ಎಳೆದುಕೊಂಡೇ ದಾಟಿದಳು. ಅವಳೂ ಇಳಿದು ನಡೆದಿದ್ದಳು!

ಇದನ್ನು ಓದಿ ನನ್ನ ನಾಚಿಕೆ ಹೋಯಿತು. ತಪ್ಪಿತಸ್ಥ ಭಾವ ಪೂರ್ತಿ ಹೋಗಿಲ್ಲ. ಅಮ್ಮಿಯ ಸೇವೆ ಮಾಡಿದ್ದೂ ನಾನೇ, ಬೆಟ್ಟ ಏರುತ್ತಿರುವುದೂ ನಾನೇ. ಒಂದಕ್ಕೊಂದು ವೈರವಲ್ಲ ಎಂದು ನಿಧಾನವಾಗಿ ಅರ್ಥವಾಗುತ್ತಿದೆ.

ಈಗ ವಾರಕ್ಕೆ ಎರಡು ದಿನ ಹೋಗುತ್ತೇನೆ. ಬುರ್ಖಾದ ಅಂಚು ಚೈನಿಗೆ ಸಿಕ್ಕದಂತೆ ಎತ್ತಿ ಪಿನ್ ಹಾಕುತ್ತೇನೆ. ಇಳಿಯುವ ಮುನ್ನ ಎರಡೂ ಬ್ರೇಕ್ ನೋಡುತ್ತೇನೆ, ಏಕೆಂದರೆ ಇಳಿಜಾರಿನಲ್ಲೇ ಅಪಾಯ ಹೆಚ್ಚು. ಕಡಿದಾದ ಕಡೆ ಈಗಲೂ ಇಳಿದು ತಳ್ಳುತ್ತೇನೆ.

ಸಹೋದರಿಯರೇ, ನಿಮ್ಮ ಮನೆಯ ಮೂಲೆಯಲ್ಲೂ ಧೂಳು ಹಿಡಿದ ಸೈಕಲ್ ಇರಬಹುದು. ಒಮ್ಮೆ ಗಾಳಿ ತುಂಬಿಸಿ ನೋಡಿ.