ಪಂಪಿನ ತಪ್ಪಲ್ಲದ ಸದ್ದು

ಹೊಗೆಸೊಪ್ಪಿನ ಹರಾಜು ಶುರುವಾದರೆ ಹುಣಸೂರಿನ ಗ್ಯಾರೇಜುಗಳಿಗೆ ಪುರುಸೊತ್ತಿರುವುದಿಲ್ಲ. ಬೇಲು ಹೇರಿಕೊಂಡ ಗಾಡಿಗಳು ಕೆಲವು ಕಟ್ಟೆಮಳಲವಾಡಿಗೆ, ಕೆಲವು ಕಂಪಲಾಪುರಕ್ಕೆ ಓಡುತ್ತಿರುತ್ತವೆ. ದಾರಿಯಲ್ಲಿ ಕೆಟ್ಟು ನಿಂತರೆ ಅವತ್ತಿನ ಹರಾಜು ಕೈತಪ್ಪಿದ ಹಾಗೆಯೇ. ಅಂಥದೊಂದು ಡಿಸೆಂಬರಿನಲ್ಲಿ ಪಿರಿಯಾಪಟ್ಟಣ ಕಡೆಯ ರೈತರೊಬ್ಬರು ತಮ್ಮ ಹಳೆಯ ಡೀಸೆಲ್ ಜೀಪು ತಂದು ನಿಲ್ಲಿಸಿದರು.

“ಬೆಳಗ್ಗೆ ಸ್ಟಾರ್ಟ್ ಮಾಡಿ ಸ್ಟೇರಿಂಗ್ ತಿರುಗ್ಸುದ್ರೆ ಗುಂಯ್ ಅಂತದೆ ಮೇಸ್ತ್ರಿ, ಕೈಯೆಲ್ಲ ನಡುಗ್ತದೆ. ಹುಣಸೂರು ಮುಟ್ಟೋ ಹೊತ್ಗೆ ತಗ್ಗೋಯ್ತದೆ” ಎಂದರು.

ರೋಗ ಏನೆಂದು ಅವರ ಕೊನೆಯ ಮಾತೇ ಹೇಳಿತ್ತು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪವರ್ ಸ್ಟೇರಿಂಗ್ ಪಂಪಿನ ಮೇಲೆ ಸ್ಕ್ರೂಡ್ರೈವರ್ ಊರಿ ಅದರ ಹಿಡಿಗೆ ಕಿವಿಯಿಟ್ಟೆ. ಸದ್ದು ಅಲ್ಲೇ ಜೋರಾಗಿತ್ತು. “ಪಂಪು ಹೋಗದೆ ಗೌಡ್ರೆ” ಎಂದುಬಿಟ್ಟೆ. ಮೈಸೂರಿನಿಂದ ಹೊಸ ಪಂಪು ತರಿಸಿ ಕೂರಿಸಿದೆ. ಆ ವರ್ಷ ಮೊದಲು ಮಾರಿದ ಬೇಲುಗಳ ದುಡ್ಡನ್ನೇ ಅವರು ನನಗೆ ಎಣಿಸಿ ಕೊಟ್ಟರು. ಸದ್ದೂ ನಿಂತಿತು.

ಕೆಲವು ದಿನ ಬಿಟ್ಟು ಮತ್ತೆ ಬಂತು. ಈ ಸಲ ಬೆಲ್ಟಿನ ಮೇಲೆ ಅನುಮಾನ ಬಂದು ಬಿಗಿ ಮಾಡಿ ಕಳಿಸಿದೆ. ಆಮೇಲೆ ಅವರು ಎಚ್.ಡಿ. ಕೋಟೆಯ ನೆಂಟರ ಮನೆಗೆ ಹೊರಟಿದ್ದಾಗ ಹ್ಯಾಂಡ್‌ಪೋಸ್ಟ್ ಹತ್ತಿರ ತಿರುವಿನಲ್ಲಿ ಸ್ಟೇರಿಂಗ್ ಒಮ್ಮೆಲೇ ಬಿಗಿಯಾಗಿ, ಗಾಡಿ ರಸ್ತೆ ಬಿಟ್ಟು ಪಕ್ಕದ ಮಣ್ಣಿಗೆ ಇಳಿದಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಯಾರಿಗೂ ಏನೂ ಆಗಲಿಲ್ಲ. ಆ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಆ ಜೀಪನ್ನು ಕೆ.ಆರ್. ನಗರದಲ್ಲಿ ನನಗಿಂತ ಬಹಳ ಹಿರಿಯರಾದ ಒಬ್ಬ ಮೇಸ್ತ್ರಿಯ ಹತ್ತಿರ ಒಯ್ದೆ. ಅವರು ಪಾನಾ ಮುಟ್ಟಲೇ ಇಲ್ಲ. ಸ್ಟೇರಿಂಗ್ ಆಯಿಲ್ ಡಬ್ಬದ ಮುಚ್ಚಳ ತೆಗೆಸಿ, ಎಂಜಿನ್ ಓಡುವಾಗ ಆಯಿಲ್ ಎಲ್ಲಿದೆ ಎಂದು ನೋಡಲು ಹೇಳಿದರು. “ಈಗ ಆಫ್ ಮಾಡಪ್ಪ, ಡಬ್ಬದ ಮೇಲೇ ಕಣ್ಣಿಟ್ಟಿರು” ಎಂದರು. ಎಂಜಿನ್ ನಿಂತದ್ದೇ ತಡ, ಆಯಿಲ್ ತಾನಾಗಿಯೇ ಮೇಲೇರಿತು. ಮೇಲೆ ಸಣ್ಣ ಸಣ್ಣ ನೊರೆ.

ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಈ ಪವರ್ ಸ್ಟೇರಿಂಗು ನಿಂತಿರುವುದೇ ಆ ಗುಣದ ಮೇಲೆ. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನ ಜೊತೆ ಮಾರುಕಟ್ಟೆಗೆ ಬಂದಾಗಿನಿಂದ ಅದರ ತತ್ವ ಹೆಚ್ಚು ಬದಲಾಗಿಲ್ಲ. ಬೆಲ್ಟಿನಿಂದ ತಿರುಗುವ ಪಂಪು ಆಯಿಲನ್ನು ದೂಡುತ್ತದೆ, ನಾವು ತಿರುಗಿಸಿದ ದಿಕ್ಕಿಗೆ ವಾಲ್ವು ಆ ಒತ್ತಡವನ್ನು ಹರಿಸುತ್ತದೆ. ಟೈರಿಗೆ ನಾವು ತುಂಬುವುದು 30 ಪೌಂಡಿನ ಆಸುಪಾಸು. ಸ್ಟೇರಿಂಗ್ ಪೂರ್ತಿ ಕಟ್ ಹೊಡೆದಾಗ ಇಲ್ಲಿಯ ಒತ್ತಡ 1000 ಪೌಂಡು ದಾಟುತ್ತದೆ. ಅಂಥ ಒತ್ತಡದಲ್ಲಿ ಆಯಿಲಿನೊಳಗಿನ ಗುಳ್ಳೆಗಳು ಅಪ್ಪಚ್ಚಿಯಾಗಿ ಒಡೆಯುತ್ತವೆ. ನಮಗೆ ಕೇಳುವ ಗುಂಯ್, ಕೈಗೆ ಬರುವ ನಡುಕ ಆ ಒಡೆತದ್ದು. ಎಂಜಿನ್ ನಿಲ್ಲಿಸಿದಾಗ ಒತ್ತಡ ಬಿಟ್ಟು ಗಾಳಿ ಹಿಗ್ಗುತ್ತದೆ, ಆಯಿಲ್ ಡಬ್ಬದಲ್ಲಿ ಮೇಲೇರುತ್ತದೆ. 5 ಮಿಲಿಮೀಟರಿಗಿಂತ ಹೆಚ್ಚು ಏರಬಾರದು ಎಂದು ಕೆಲವು ಗಾಡಿಗಳ ಸರ್ವಿಸ್ ಪುಸ್ತಕದಲ್ಲೇ ಬರೆದಿರುತ್ತದೆ.

ಗಾಳಿ ಹೊಕ್ಕದ್ದು ಡಬ್ಬದಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನಿಂದ. ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಬಿರುಕು. ಅಲ್ಲಿ ಪಂಪು ಎಳೆದುಕೊಳ್ಳುತ್ತದೆಯೇ ಹೊರತು ದೂಡುವುದಿಲ್ಲ. ಹಾಗಾಗಿ ಗಾಳಿ ಒಳಗೆ ಹೋಗುತ್ತಿತ್ತು, ಆಯಿಲ್ ಒಂದು ಹನಿಯೂ ಹೊರಗೆ ಬರುತ್ತಿರಲಿಲ್ಲ. ಸೋರಿಕೆ ಹುಡುಕಿದವನಿಗೆ ಕಾಣುವುದಾದರೂ ಹೇಗೆ? ಚಳಿಯಲ್ಲಿ ಆಯಿಲ್ ಗಟ್ಟಿ, ರಬ್ಬರು ಗಡಸು. ಎಳೆತ ಜಾಸ್ತಿಯಾಗಿ ಬಿರುಕು ಬಾಯಿ ಬಿಡುತ್ತದೆ. ಬಿಸಿಯಾದ ಮೇಲೆ ರಬ್ಬರು ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಸವೆದ ಪಂಪಿನ ಕಥೆ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ, ಆಯಿಲ್ ಕಾದು ತೆಳ್ಳಗಾದಷ್ಟೂ ಅದರ ಕಷ್ಟ ಹೆಚ್ಚುತ್ತದೆ. “ಹುಣಸೂರು ಮುಟ್ಟೋ ಹೊತ್ಗೆ ತಗ್ಗೋಯ್ತದೆ” ಎಂದು ಗೌಡರು ಹೇಳಿದ್ದು ಇದನ್ನೇ. ಪಂಪು ಬದಲಿಸುವಾಗ ಆ ಪೈಪನ್ನು ಎಳೆದು ಮತ್ತೆ ಕ್ಲಿಪ್ಪು ಹಾಕಿದ್ದೆನಲ್ಲ, ಅದರಿಂದ ಬಿರುಕು ಕೆಲವು ದಿನ ಮುಚ್ಚಿತ್ತು. ನಾನು ಅದನ್ನು ನನ್ನ ಗೆಲುವೆಂದು ತಿಳಿದಿದ್ದೆ.

ಪೈಪು ಬದಲಿಸಿ, ಮುಂದಿನ ಚಕ್ರ ಜಾಕಿ ಮೇಲೆತ್ತಿ, ಎಂಜಿನ್ ಆಫ್ ಇಟ್ಟು ಸ್ಟೇರಿಂಗನ್ನು ನಿಧಾನ ಆ ತುದಿಗೆ ಈ ತುದಿಗೆ ತಿರುಗಿಸುತ್ತ ಏರ್ ತೆಗೆದೆವು. ಗುಳ್ಳೆ ತಿಂದು ಹೊಸ ಪಂಪಿನ ಒಳಗೂ ಗೀರು ಬಿದ್ದಿತ್ತು. ಗೌಡರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ದುಡ್ಡು ವಾಪಸು ಕೊಟ್ಟೆ. ಅವರು ಬೈಯಲಿಲ್ಲ. “ಹಂಗಾರೆ ಹಳೇ ಪಂಪು ಚೆನ್ನಾಗೇ ಇತ್ತಾ? ಅದನ್ನೇ ಹಾಕಿ” ಎಂದರು. ಅದನ್ನು ನಾನು ಆಗಲೇ ಗುಜರಿಗೆ ಹಾಕಿಯಾಗಿತ್ತು. ಕೈಯಿಂದ ದುಡ್ಡು ಹಾಕಿ ಇನ್ನೊಂದು ಪಂಪು ತಂದು ಕೂರಿಸಿದೆ. ಅವತ್ತಿನಿಂದ ಬಿಚ್ಚಿದ ಪ್ರತಿಯೊಂದು ಸಾಮಾನು ಗಾಡಿಯವರ ಕೈಗೇ ಹೋಗುತ್ತದೆ.

ಹಾಗಂತ ಎಲ್ಲ ಸದ್ದೂ ಗಾಳಿಯದ್ದಲ್ಲ. ಕಟ್ ಹೊಡೆದಾಗ ಕಿರ್ ಎಂದು ಚೀರಿದರೆ ಬೆಲ್ಟು ಜಾರುತ್ತಿರಬಹುದು. ಪೂರ್ತಿ ತಿರುಗಿಸಿದಾಗ ಸಣ್ಣಗೆ ಸುಸ್ ಎಂದರೆ ಅದು ವಾಲ್ವಿನ ಸಹಜ ಸದ್ದು, ಅದಕ್ಕೆ ರಿಪೇರಿ ಬೇಕಿಲ್ಲ. ಆದರೆ ಸ್ಟೇರಿಂಗನ್ನು ಆ ತುದಿಯಲ್ಲೇ ಒತ್ತಿ ಹಿಡಿಯಬೇಡಿ. ಹಂಪಿನ ಮೇಲೆ ಕಟಕ್ ಎಂದರೆ ಬಾಲ್ ಜಾಯಿಂಟನ್ನೋ ಬುಷ್ಷನ್ನೋ ನೋಡಬೇಕು. ಬಿಳಿಕೆರೆ ದಾಟಿ ವೇಗ 80ಕ್ಕೆ ಏರಿದಾಗ ಮಾತ್ರ ನಡುಗಿದರೆ ಮೊದಲು ಚಕ್ರದ ಬ್ಯಾಲೆನ್ಸ್ ನೋಡಿಸಿ. ಒತ್ತಡದ ಪೈಪಿನ ರಬ್ಬರು ಬಿದ್ದು ಪೈಪು ಚಾಸಿಗೆ ತಾಗುತ್ತಿದ್ದರೆ ಗಾಡಿಯೊಳಗೆಲ್ಲ ಗುಂಯ್ ತುಂಬಿಕೊಳ್ಳುತ್ತದೆ, ಮೂಲ ಪೈಪೆಂದು ಯಾರಿಗೂ ಹೊಳೆಯುವುದಿಲ್ಲ.

ಸದ್ದು ಯಾವಾಗ ಬರುತ್ತದೆ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಲ್ಲೋ ಓಡುವಾಗಲೋ, ಎರಡೂ ಕಡೆಯೋ ಒಂದೇ ಕಡೆಯೋ ಎಂದು ಕೇಳುತ್ತ ಕೂತರೆ ಹರಾಜಿಗೆ ಹೊತ್ತಾಯಿತೆಂದು ಸಿಡುಕುವವರಿದ್ದಾರೆ. ನಾನು ಬಿಡುವುದಿಲ್ಲ. ಬೆಳಗಿನ ಸದ್ದು ಎಂದವರಿಗೆ ಗಾಡಿಯನ್ನು ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟುಹೋಗಲು ಹೇಳುತ್ತೇನೆ. ಚಳಿಯಲ್ಲಿ ಮೊದಲ ಸ್ಟಾರ್ಟು ನಾನೇ ಮಾಡಬೇಕು.